ದುಡ್ಡು ಬಿಚ್ಚುವ ಮುನ್ನ: ಹಳೆಯ ಗೇಮಿಂಗ್ ಕಂಪ್ಯೂಟರಿನಲ್ಲಿ ಯಾವ ಭಾಗ ಬದಲಿಸಬೇಕು?

ಹಳೆಯ ಗೇಮಿಂಗ್ ಕಂಪ್ಯೂಟರ್ ಇಟ್ಟುಕೊಂಡವರಿಗೆ 2025ರ ಕೊನೆಯ ತಿಂಗಳುಗಳಲ್ಲಿ ಒಂದರ ಮೇಲೊಂದು ಏಟು ಬಿತ್ತು. ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದೇ ತಿಂಗಳಿಗೆ ಎನ್‌ವಿಡಿಯಾ ಕಂಪನಿ ಜಿಟಿಎಕ್ಸ್ 900 ಮತ್ತು 1000 ಸರಣಿಯ ಗ್ರಾಫಿಕ್ಸ್ ಕಾರ್ಡುಗಳಿಗೆ ಹೊಸ ಆಟಗಳಿಗೆ ತಕ್ಕ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕೊಡುವುದಕ್ಕೆ ತೆರೆ ಎಳೆಯಿತು. ಇನ್ನು ಅವಕ್ಕೆ ಸಿಗುವುದು 2028ರವರೆಗೆ ಭದ್ರತೆಯ ಪರಿಷ್ಕರಣೆ ಮಾತ್ರ. ಬೆನ್ನಿಗೇ ರ‍್ಯಾಮ್ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟನ್ನೂ ಮೀರಿತು. ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲನ್ನು ತಯಾರಿಸುವವು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳು. ಕೃತಕ ಬುದ್ಧಿಮತ್ತೆಯ ಸರ್ವರುಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚೆಂದು ಅವು ಅತ್ತ ತಿರುಗಿದವು. ಮನೆಬಳಕೆಯ ರ‍್ಯಾಮ್ ಮಾರುತ್ತಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚುವುದಾಗಿ ಮೈಕ್ರಾನ್ ಡಿಸೆಂಬರಿನಲ್ಲಿ ಹೇಳಿತು.

ಹೀಗಾಗಿ ಏಳೆಂಟು ವರ್ಷದ ಹಿಂದೆ ಆಸೆಪಟ್ಟು ಜೋಡಿಸಿಕೊಂಡ ಯಂತ್ರವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಈಗ ಬಹಳ ಮನೆಗಳಲ್ಲಿದೆ. ಪೂರ್ತಿ ಹೊಸದು ಕೊಳ್ಳುವ ಶಕ್ತಿಯಿಲ್ಲ, ಹಳೆಯದು ಎಳೆಯುತ್ತಿಲ್ಲ. ಅಂಗಡಿಯಲ್ಲಿ ಕೇಳಿದರೆ ‘ಗ್ರಾಫಿಕ್ಸ್ ಕಾರ್ಡ್ ಹಾಕಿಸಿ’ ಎನ್ನುತ್ತಾರೆ. ಕೆಲವೊಮ್ಮೆ ಅದು ಸರಿಯಾದ ಉತ್ತರವೇ. ಕೆಲವೊಮ್ಮೆ ದುಡ್ಡು ನೀರುಪಾಲು. ಯಾವಾಗ ಯಾವುದು ಎಂದು ತಿಳಿಯಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಒಳಗಿರುವ ಭಾಗಗಳಲ್ಲಿ ಉಳಿದವನ್ನು ಕಾಯಿಸುತ್ತಿರುವುದು ಯಾವುದು? ಅದನ್ನು ಬದಲಿಸಿದರೆ ಇನ್ನೇನೇನನ್ನು ಬದಲಿಸಬೇಕಾಗುತ್ತದೆ?

ಒಂದು ದರ್ಶಿನಿಯ ಅಡುಗೆಮನೆ

ನಮ್ಮಲ್ಲಿ ಇಡೀ ಡಬ್ಬಿಗೇ ‘ಸಿಪಿಯು’ ಎನ್ನುವ ರೂಢಿಯಿದೆ. ಡಬ್ಬಿಯ ಹೆಸರು ಕ್ಯಾಬಿನೆಟ್. ಸಿಪಿಯು ಅದರೊಳಗಿನ, ಬಿಸ್ಕತ್ತಿನಷ್ಟು ದೊಡ್ಡ ಒಂದು ಚಿಪ್. ಈ ಗೊಂದಲದಿಂದಲೇ ಎಷ್ಟೋ ಜನ ತಪ್ಪು ಭಾಗ ಕೊಂಡಿದ್ದಾರೆ. ಆದ್ದರಿಂದ ಒಳಗೆ ಯಾರು ಯಾವ ಕೆಲಸ ಮಾಡುತ್ತಾರೆ ಎಂದು ಮೊದಲು ನೋಡೋಣ.

ಬೆಳಗಿನ ಎಂಟು ಗಂಟೆಯ ದರ್ಶಿನಿಯನ್ನು ನೆನಪಿಸಿಕೊಳ್ಳಿ. ಟೋಕನ್ ಓದಿ ‘ಎರಡು ಮಸಾಲೆ, ಒಂದು ಸೆಟ್’ ಎಂದು ಲೆಕ್ಕ ಹಾಕಿ ಕೂಗುವವನು ಒಬ್ಬ. ಅವನೇ ಸಿಪಿಯು, ಅಂದರೆ ಪ್ರೊಸೆಸರ್. ಆಟದೊಳಗೆ ಶತ್ರು ಎಲ್ಲಿ ನಿಂತಿದ್ದಾನೆ, ಗುಂಡು ತಾಗಿತೇ, ಬಾಗಿಲು ತೆರೆಯಿತೇ ಎಂಬುದನ್ನೆಲ್ಲ ನಿರ್ಧರಿಸಿ, ‘ಇದನ್ನು ಚಿತ್ರ ಬಿಡಿಸು’ ಎಂದು ಹೇಳುವುದು ಅದರ ಕೆಲಸ. ದೊಡ್ಡ ಕಾವಲಿಯ ಮುಂದೆ ನಿಂತು ಒಂದೇ ಸಲಕ್ಕೆ ಹನ್ನೆರಡು ದೋಸೆ ಹುಯ್ಯುವವನು ಜಿಪಿಯು, ಗ್ರಾಫಿಕ್ಸ್ ಕಾರ್ಡಿನ ಮುಖ್ಯ ಚಿಪ್. ಯೋಚನೆ ಅವನ ಪಾಲಿನದಲ್ಲ. ಒಂದೇ ಬಗೆಯ ಕೆಲಸವನ್ನು ಒಟ್ಟೊಟ್ಟಿಗೆ ಮಾಡುವುದರಲ್ಲಿ ಅವನ ಕೈ ಪಳಗಿದೆ. ಪರದೆಯ ಲಕ್ಷಾಂತರ ಚುಕ್ಕೆಗಳಿಗೆ ಬಣ್ಣ ತುಂಬುವುದೂ ಅಂಥದೇ ಕೆಲಸ.

ಹಿಟ್ಟು, ಪಲ್ಯ, ಚಟ್ನಿ ಇಟ್ಟುಕೊಳ್ಳುವ ಅಡುಗೆಮನೆಯ ಕಟ್ಟೆ ರ‍್ಯಾಮ್. ಕಾವಲಿಯ ಪಕ್ಕದಲ್ಲೇ, ದೋಸೆ ಹುಯ್ಯುವವನ ಕೈಗೆ ಎಟಕುವ ಪುಟ್ಟ ಕಟ್ಟೆ ವಿರ‍್ಯಾಮ್. ಅದು ಗ್ರಾಫಿಕ್ಸ್ ಕಾರ್ಡಿನ ಮೇಲೆಯೇ ಇರುವ ಸ್ವಂತ ಮೆಮೊರಿ. ಅಕ್ಕಿ ಮೂಟೆಗಳಿರುವ ಉಗ್ರಾಣ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಇವೆಲ್ಲಕ್ಕೂ ಗ್ಯಾಸ್ ಒದಗಿಸುವ ಸಿಲಿಂಡರ್ ಎಸ್‌ಎಂಪಿಎಸ್, ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಮಾರ್ಪಡಿಸುವ ಪೆಟ್ಟಿಗೆ. ಎಲ್ಲವನ್ನೂ ಹೊಂದಿಸಿ ಕೂರಿಸುವ ಕಟ್ಟಡ ಮದರ್‌ಬೋರ್ಡ್.

ಕಾವಲಿ ಚಿಕ್ಕದಿದ್ದರೆ ಟೋಕನ್ ಓದುವವನು ಎಷ್ಟೇ ಚುರುಕಾಗಿದ್ದರೂ ದೋಸೆ ಬೇಗ ಬಾರದು. ಕಾವಲಿ ದೊಡ್ಡದಾಗಿ, ಕೂಗುವವನು ತಡವರಿಸುತ್ತಿದ್ದರೆ ದೋಸೆಯವನು ಸುಮ್ಮನೆ ನಿಂತಿರುತ್ತಾನೆ. ಉಗ್ರಾಣ ಹಿಂದಿನ ಬೀದಿಯಲ್ಲಿದ್ದರೆ ಇಬ್ಬರೂ ಕಾಯುತ್ತಾರೆ.

16.7 ಮಿಲಿಸೆಕೆಂಡಿನ ಗಡುವು

ಆಟವೆಂದರೆ ಒಂದರ ಹಿಂದೊಂದು ಓಡುವ ಸ್ಥಿರಚಿತ್ರಗಳು. ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಪ್ರತಿ ಚಿತ್ರವೂ ಸುಮಾರು 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಐವತ್ತೊಂಬತ್ತು ಚಿತ್ರ ಸರಿಯಾಗಿ ಬಂದು ಅರವತ್ತನೆಯದು 80 ಮಿಲಿಸೆಕೆಂಡ್ ತೆಗೆದುಕೊಂಡರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಕಣ್ಣಿಗೆ ಮಾತ್ರ ಆಟ ಗಕ್ಕನೆ ನಿಂತಂತೆ ಭಾಸವಾಗುತ್ತದೆ. ಆದ್ದರಿಂದ ‘ನನ್ನ ಕಂಪ್ಯೂಟರ್ ನಿಧಾನ’ ಎಂಬ ಒಂದೇ ದೂರಿನೊಳಗೆ ಎರಡು ಬೇರೆ ಕಾಯಿಲೆಗಳಿರುತ್ತವೆ. ಎಲ್ಲ ಹೊತ್ತೂ ಮಂದವಾಗಿರುವುದು ಒಂದು, ನಡುನಡುವೆ ತಡವರಿಸುವುದು ಇನ್ನೊಂದು. ಮೊದಲನೆಯದಕ್ಕೆ ಹೆಚ್ಚಾಗಿ ಕಾರಣ ಗ್ರಾಫಿಕ್ಸ್ ಕಾರ್ಡ್. ಎರಡನೆಯದರ ಹಿಂದೆ ಸಾಮಾನ್ಯವಾಗಿ ಪ್ರೊಸೆಸರ್, ಸಾಲದ ರ‍್ಯಾಮ್, ತುಂಬಿ ತುಳುಕುವ ವಿರ‍್ಯಾಮ್ ಅಥವಾ ಹಾರ್ಡ್ ಡಿಸ್ಕ್ ಇರುತ್ತದೆ.

ಇನ್ನೊಂದು ಲೆಕ್ಕ ಪರದೆಯದು. 1080ಪಿ ಎಂದು ಕರೆಯುವ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು 20.7 ಲಕ್ಷ ಚುಕ್ಕೆಗಳು. 1440ಪಿ ಪರದೆಯಲ್ಲಿ 36.9 ಲಕ್ಷ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಚುಕ್ಕೆಗಳು ಹೆಚ್ಚಿದಷ್ಟೂ ಕಾವಲಿಯ ಮುಂದಿನವನಿಗೆ ಕೆಲಸ ಹೆಚ್ಚು. ಟೋಕನ್ ಓದುವವನಿಗೆ ಹೆಚ್ಚುಕಡಿಮೆ ಅಷ್ಟೇ ಕೆಲಸ. ಹಳೆಯ ಯಂತ್ರಕ್ಕೆ ದೊಡ್ಡ ಮಾನಿಟರ್ ತಂದವರು ‘ಆಟ ಇನ್ನೂ ನಿಧಾನವಾಯಿತು’ ಎಂದು ಗೊಣಗುವುದು ಇದಕ್ಕೇ. ಹಾಗೆಯೇ 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲದು. 140 ಫ್ರೇಮ್ ಕೊಡುವ ಕಾರ್ಡ್ ಹಾಕಿ 60 ಹರ್ಟ್ಸ್ ಪರದೆಯಲ್ಲಿ ಆಡುವುದರಲ್ಲಿ ಲಾಭ ಅಲ್ಪ.

ಕಾಯಿಸುತ್ತಿರುವವರು ಯಾರು?

ಇದನ್ನು ಪತ್ತೆ ಮಾಡಲು ಹಣ ಬೇಡ, ಅರ್ಧ ಗಂಟೆ ಸಾಕು. ಮೊದಲು ಆಟದ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ (ಫ್ರೇಮುಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಆಯ್ಕೆ) ಮತ್ತು ಫ್ರೇಮ್ ಮಿತಿಯನ್ನು ತೆಗೆದುಹಾಕಿ. ಅವಿದ್ದರೆ ಅಳತೆಯೇ ಸುಳ್ಳಾಗುತ್ತದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರೆ ಆಡುವಾಗಲೇ ಪರದೆಯ ಮೂಲೆಯಲ್ಲಿ ಅಂಕಿಗಳು ಕಾಣುತ್ತವೆ. ಗ್ರಾಫಿಕ್ಸ್ ಕಾರ್ಡಿನ ಬಳಕೆ ಸದಾ ಶೇ. 95ರ ಮೇಲಿದ್ದರೆ ಕಾವಲಿಯೇ ಚಿಕ್ಕದು. ಫ್ರೇಮ್ ಕಡಿಮೆಯಿದ್ದೂ ಕಾರ್ಡಿನ ಬಳಕೆ ಶೇ. 60–70ರಲ್ಲೇ ಆಡುತ್ತಿದ್ದರೆ ಕಾರ್ಡ್ ಇನ್ಯಾರಿಗೋ ಕಾಯುತ್ತಿದೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಬಳಕೆ ಶೇ. 35 ಎಂದು ನೋಡಿ, ‘ಪ್ರೊಸೆಸರ್ ಆರಾಮಾಗಿದೆ’ ಎಂದುಕೊಳ್ಳುತ್ತಾರೆ. ಆರು ಕೋರ್ (ಲೆಕ್ಕ ಮಾಡುವ ಘಟಕ) ಇದ್ದು ಒಟ್ಟಿಗೆ ಹನ್ನೆರಡು ಕೆಲಸದ ಸಾಲುಗಳನ್ನು ನಡೆಸುವ, ಅಂದರೆ ಹನ್ನೆರಡು ಥ್ರೆಡ್‌ಗಳ ಪ್ರೊಸೆಸರಿನಲ್ಲಿ ಒಂದೇ ಥ್ರೆಡ್ ಪೂರ್ತಿ ದಣಿದರೂ ಒಟ್ಟು ಲೆಕ್ಕದಲ್ಲಿ ಅದು ಸುಮಾರು ಶೇ. 8 ಎಂದಷ್ಟೇ ಕಾಣುತ್ತದೆ. ಆಟಗಳಲ್ಲಿ ಬಹುಪಾಲು ನಿರ್ಧಾರಗಳು ಒಂದೆರಡು ಥ್ರೆಡ್‌ಗಳ ಮೇಲೆ ಬೀಳುತ್ತವೆ. ಹನ್ನೆರಡು ಜನರಿರುವ ಅಡುಗೆಮನೆಯಲ್ಲಿ ಟೋಕನ್ ಓದುವವನೊಬ್ಬನೇ ಬೆವರುತ್ತಿದ್ದರೆ, ಸರಾಸರಿ ನೋಡಿದವರಿಗೆ ಎಲ್ಲರೂ ವಿರಾಮದಲ್ಲಿದ್ದಂತೆ ತೋರುತ್ತದೆ.

ಇದಕ್ಕಿಂತ ನಂಬಿಕೆಯ ಪರೀಕ್ಷೆ ಇನ್ನೊಂದಿದೆ. ಆಟದಲ್ಲಿ ಒಂದೇ ಜಾಗದಲ್ಲಿ ನಿಂತು ರೆಸಲ್ಯೂಶನ್ನನ್ನು 1080ಪಿಯಿಂದ 720ಪಿಗೆ ಇಳಿಸಿ. ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾದವು. ಫ್ರೇಮ್ ಜಿಗಿದು ಏರಿದರೆ ತಡ ಗ್ರಾಫಿಕ್ಸ್ ಕಾರ್ಡಿನದು. ಮಿಸುಕಾಡದೆ ಅಲ್ಲೇ ಇದ್ದರೆ ತಡ ಪ್ರೊಸೆಸರಿನದು. ಹೊಸ ಕಾರ್ಡ್ ತಂದರೂ ಅಲ್ಲಿ ಫ್ರೇಮ್ ಏರುವುದಿಲ್ಲ. ಈ ಪರೀಕ್ಷೆ ಮಾಡದೆ ಯಾರೂ ಅಂಗಡಿಯ ಮೆಟ್ಟಿಲು ಹತ್ತಬಾರದು ಎಂಬುದು ನನ್ನ ಹಟ.

ಖರ್ಚಿಲ್ಲದ ದುರಸ್ತಿಗಳು

ಏಳು ವರ್ಷದ ಡಬ್ಬಿಯೊಳಗೆ ಮೊದಲು ಕಾಣುವುದು ದೂಳು. ಚಿಪ್ ಮಿತಿ ಮೀರಿ ಕಾದರೆ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಹಾಗಾಗಿ ದೂಳು ಎಂದರೆ ನೇರವಾಗಿ ಫ್ರೇಮ್ ನಷ್ಟ. ಚಿಪ್‌ನ ಬಿಸಿ ಕೋಣೆಯ ಬಿಸಿಯ ಮೇಲೆ ಏರುವಂಥದು. ಕೋಣೆ 25 ಡಿಗ್ರಿ ಇದ್ದಾಗ 75 ತೋರಿಸುವ ಚಿಪ್, ಕೋಣೆ 40 ಡಿಗ್ರಿಯಾದಾಗ ಸುಮಾರು 90ಕ್ಕೆ ಹೋಗುತ್ತದೆ. ಡಿಸೆಂಬರಿನಲ್ಲಿ ಚೆನ್ನಾಗಿ ಓಡಿದ ಯಂತ್ರ ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಕುಂಟಿದರೆ ಆಶ್ಚರ್ಯವಿಲ್ಲ. ಬ್ಲೋವರ್‌ನಿಂದ ದೂಳು ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದು ಹುಚ್ಚೆದ್ದು ತಿರುಗಿ ಬೇರಿಂಗ್ ಕೆಡುತ್ತದೆ. ಪ್ರೊಸೆಸರ್ ಮತ್ತು ಅದರ ಕೂಲರಿನ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಇಷ್ಟು ವರ್ಷದಲ್ಲಿ ಒಣಗಿ ಸುಣ್ಣದಂತಾಗಿರುತ್ತದೆ. ಹಳೆಯದನ್ನು ಒರೆಸಿ ಬಟಾಣಿ ಕಾಳಿನಷ್ಟು ಹೊಸದನ್ನು ಹಾಕಿದರೆ ಹತ್ತಾರು ಡಿಗ್ರಿ ಇಳಿದ ಉದಾಹರಣೆಗಳಿವೆ.

ಕೂಲರ್ ಕೀಳುವಾಗ ಎಚ್ಚರ. ಎಎಂಡಿ ಕಂಪನಿಯ ಎಎಂ4 ಬಗೆಯ ಪ್ರೊಸೆಸರುಗಳ ಸೂಜಿಯಂಥ ಕಾಲುಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ. ಒಣಗಿದ ಪೇಸ್ಟ್ ಅಂಟಿಕೊಂಡು, ಕೂಲರ್ ಎಳೆದ ರಭಸಕ್ಕೆ ಪ್ರೊಸೆಸರೇ ಕಿತ್ತು ಬಂದು ಕಾಲುಗಳು ಬಾಗುವುದುಂಟು. ಹತ್ತು ನಿಮಿಷ ಒಂದು ಆಟ ಆಡಿ ಪೇಸ್ಟ್ ಬೆಚ್ಚಗಾದ ಮೇಲೆ ಯಂತ್ರ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ಎಡಬಲ ತಿರುಗಿಸಿ ಎತ್ತಿದರೆ ಬಿಟ್ಟುಕೊಳ್ಳುತ್ತದೆ.

ಇನ್ನು ಬಯಾಸ್, ಅಂದರೆ ವಿಂಡೋಸ್‌ಗಿಂತ ಮೊದಲೇ ಎದ್ದು ಮದರ್‌ಬೋರ್ಡನ್ನು ಸಜ್ಜುಗೊಳಿಸುವ ತಂತ್ರಾಂಶ, ಅದರ ಒಳಗಿನ ಒಂದು ಗುಂಡಿ. ಅಂಗಡಿಯಲ್ಲಿ 3200 ವೇಗದ ಡಿಡಿಆರ್4 ರ‍್ಯಾಮ್ ಎಂದು ಕೊಂಡಿದ್ದರೂ, ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ನೀವಾಗಿ ಆನ್ ಮಾಡುವವರೆಗೆ ಅದು 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಹಳೆಯ ಇಂಟೆಲ್ ಅಗ್ಗದ ಬೋರ್ಡುಗಳು ಮಾತ್ರ ಈ ವೇಗಕ್ಕೆ ಏರಲು ಬಿಡುವುದಿಲ್ಲ.

ಆಟದೊಳಗಿನ ಆಯ್ಕೆಗಳಲ್ಲೂ ಎಲ್ಲವನ್ನೂ ‘ಲೋ’ ಮಾಡಬೇಕಿಲ್ಲ. ನೆರಳು, ಮಂಜು, ಪ್ರತಿಫಲನಗಳು ಜಿಪಿಯುವಿನ ದುಡಿಮೆಯನ್ನು ಹೀರುತ್ತವೆ. ಇವನ್ನು ಒಂದೆರಡು ಮೆಟ್ಟಿಲು ಇಳಿಸಿದರೆ ಕಣ್ಣಿಗೆ ನಷ್ಟ ಕಡಿಮೆ, ಲಾಭ ಹೆಚ್ಚು. ಗೋಡೆ, ಬಟ್ಟೆಗಳ ಮೇಲ್ಮೈ ಚಿತ್ರಗಳು, ಅಂದರೆ ಟೆಕ್ಸ್ಚರ್‌ಗಳು, ದುಡಿಮೆ ಬೇಡುವುದಿಲ್ಲ, ಜಾಗ ಬೇಡುತ್ತವೆ. ವಿರ‍್ಯಾಮ್ ಇದ್ದವರು ಅವನ್ನು ಹೆಚ್ಚೇ ಇಟ್ಟುಕೊಳ್ಳಬಹುದು. 4 ಜಿಬಿ ಕಾರ್ಡಿನವರು ಹೆಚ್ಚಿಟ್ಟರೆ ಕೈಗೆಟಕುವ ಕಟ್ಟೆ ತುಂಬಿ, ಪ್ರತಿ ದೋಸೆಗೂ ದೂರದ ಕಟ್ಟೆಗೆ ಓಡಬೇಕಾಗಿ, ಆಟ ತಡವರಿಸುತ್ತದೆ.

ಅಪ್‌ಸ್ಕೇಲಿಂಗ್ ಎಂಬ ಇನ್ನೊಂದು ಉಪಾಯವಿದೆ. ಚಿತ್ರವನ್ನು ಚಿಕ್ಕ ಗಾತ್ರದಲ್ಲಿ ಬಿಡಿಸಿ, ಜಾಣತನದಿಂದ ಹಿಗ್ಗಿಸಿ ಪರದೆಗೆ ಹೊಂದಿಸುವುದು. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಹೆಸರಿನ ಕಾರ್ಡೇ ಬೇಕು. ಎಎಂಡಿ 2021ರಲ್ಲಿ ತಂದ ಎಫ್‌ಎಸ್‌ಆರ್‌ನ ಮೊದಲ ಆವೃತ್ತಿಗಳು ಜಿಟಿಎಕ್ಸ್ ಕಾರ್ಡುಗಳಲ್ಲೂ ನಡೆಯುತ್ತವೆ. 1080ಪಿಯಲ್ಲಿ ಚಿತ್ರ ತುಸು ಮಸುಕಾಗುತ್ತದೆ, ಆದರೆ 38 ಫ್ರೇಮಿನಲ್ಲಿ ಒದ್ದಾಡುವವನಿಗೆ ಅದು ವರವೇ.

ಅಣ್ಣನ ಯಂತ್ರ

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಣ್ಣ 2018ರ ಕೊನೆಯಲ್ಲಿ ಜೋಡಿಸಿಕೊಂಡ ಯಂತ್ರದಲ್ಲಿ ಎಎಂಡಿಯ ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ, ಜಿಟಿಎಕ್ಸ್ 1050 ಟಿಐ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್ ಇವೆ. ತಮ್ಮನಿಗೆ 2017ರಲ್ಲಿ ಕೊಡಿಸಿದ್ದು ಇಂಟೆಲ್ ಐ5-7400 ಮತ್ತು ಎಚ್110 ಬೋರ್ಡಿನದು. ನೋಡಲು ಎರಡೂ ಒಂದೇ ವಯಸ್ಸಿನವು, ಹಣೆಬರಹ ಮಾತ್ರ ಬೇರೆ. ಅಣ್ಣನದರಿಂದ ಶುರು ಮಾಡೋಣ.

ಅಣ್ಣನ ದೂರು ಎರಡು. ಆಟ ತೆರೆದುಕೊಳ್ಳಲು ಎರಡು ಲೋಟ ಕಾಫಿ ಮುಗಿಯುವಷ್ಟು ಹೊತ್ತು. ತೆರೆದ ಮೇಲೆ ಫ್ರೇಮ್ 35. ಮೊದಲನೆಯದರ ಮದ್ದು ಎಸ್‌ಎಸ್‌ಡಿ. ಹಾರ್ಡ್ ಡಿಸ್ಕ್ ಎಂದರೆ ತಿರುಗುವ ತಟ್ಟೆಯ ಮೇಲೆ ಸೂಜಿ ಓಡಾಡುವ ಯಂತ್ರ. ಸಾಲಾಗಿರುವ ದತ್ತಾಂಶವನ್ನು ಸೆಕೆಂಡಿಗೆ 100ರಿಂದ 200 ಎಂಬಿ ಓದೀತು, ಚದುರಿದ ಸಣ್ಣ ಸಣ್ಣ ಕಡತಗಳಿದ್ದರೆ ಅದರ ಪಾಡು ಕೇಳುವಂತಿಲ್ಲ. ಹಾರ್ಡ್ ಡಿಸ್ಕಿನ ತಂತಿಗೇ ಸಿಕ್ಕಿಸುವ ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ ಓದುತ್ತದೆ, ಎಂ.2 ಸ್ಲಾಟಿನಲ್ಲಿ (ಬೋರ್ಡಿನ ಮೇಲಿನ ಸೀಳಿನಲ್ಲಿ) ಕೂರುವ ಎನ್‌ವಿಎಂಇ ಎಸ್‌ಎಸ್‌ಡಿ ಈ ಬೋರ್ಡಿನಲ್ಲಿ 3,500ರ ಆಸುಪಾಸು. ಅಂಕಿಯಲ್ಲಿ ಆರೇಳು ಪಟ್ಟು ವ್ಯತ್ಯಾಸವಿದ್ದರೂ ಆಟ ತೆರೆಯುವ ಹೊತ್ತಿನಲ್ಲಿ ಈ ಎರಡು ಎಸ್‌ಎಸ್‌ಡಿಗಳ ನಡುವೆ ಕೆಲವೇ ಸೆಕೆಂಡುಗಳ ಅಂತರ. ದೊಡ್ಡ ಜಿಗಿತ ಹಾರ್ಡ್ ಡಿಸ್ಕ್ ಬಿಟ್ಟು ಬಂದಾಗಲೇ ಆಗಿಬಿಡುತ್ತದೆ. ಎಸ್‌ಎಸ್‌ಡಿಯಿಂದ ಸರಾಸರಿ ಫ್ರೇಮ್ ಏರುವುದಿಲ್ಲ ಎಂಬುದೂ ನೆನಪಿರಲಿ. ಏರಿಸುವುದಾಗಿ ಹೇಳುವವರನ್ನು ನಂಬಬೇಡಿ.

ರ‍್ಯಾಮಿನ ವಿಷಯ ಸ್ವಾರಸ್ಯದ್ದು. 8 ಜಿಬಿಯ ಒಂದೇ ಕಡ್ಡಿ ಎಂದರೆ ಕಟ್ಟೆಯೂ ಚಿಕ್ಕದು, ಅದಕ್ಕೆ ಬರುವ ದಾರಿಯೂ ಒಂದೇ. ಅಂಥದೇ ಇನ್ನೊಂದು ಕಡ್ಡಿ ಸೇರಿಸಿದರೆ ಜಾಗ 16 ಜಿಬಿಯಾಗುವುದರ ಜತೆಗೆ ಎರಡು ದಾರಿ ತೆರೆದು, ಪ್ರೊಸೆಸರಿಗೆ ದತ್ತಾಂಶ ತಲುಪುವ ಅಗಲ ದ್ವಿಗುಣವಾಗುತ್ತದೆ. ಇದನ್ನೇ ಡ್ಯುಯಲ್ ಚಾನೆಲ್ ಎನ್ನುತ್ತಾರೆ. ಮೊದಲಿನ ರೈಜನ್‌ಗಳಿಗೆ ಇದು ಬಹಳ ಒಗ್ಗುತ್ತದೆ, ತಡವರಿಕೆ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಅಕ್ಕಪಕ್ಕ ಹಾಕಿದರೆ ಒಂದೇ ದಾರಿಯಲ್ಲಿ ಇಬ್ಬರನ್ನು ನಿಲ್ಲಿಸಿದಂತೆ. ಡಿಡಿಆರ್4 ಬೋರ್ಡಿಗೆ ಡಿಡಿಆರ್3 ಆಗಲಿ ಡಿಡಿಆರ್5 ಆಗಲಿ ಕೂರುವುದಿಲ್ಲ, ಕಡ್ಡಿಯ ಅಡಿಯ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಬೆಲೆ ಏರಿರುವ ಈ ಹೊತ್ತಿನಲ್ಲಿ ಎರಡು ಹೊಸ ಕಡ್ಡಿ ಕೊಳ್ಳುವ ಬದಲು ಇರುವುದಕ್ಕೆ ಜೋಡಿ ಹುಡುಕುವುದೇ ಲೇಸು. ರ‍್ಯಾಮ್ ಸುಲಭಕ್ಕೆ ಸವೆಯುವ ವಸ್ತುವಲ್ಲ, ಸೆಕೆಂಡ್ ಹ್ಯಾಂಡ್ ಕೊಳ್ಳಲು ತಕ್ಕಮಟ್ಟಿಗೆ ನಿರಾತಂಕ.

ಈಗ ಕಾರ್ಡ್. 2016ರಲ್ಲಿ ಬಂದ 1050 ಟಿಐ 4 ಜಿಬಿ ವಿರ‍್ಯಾಮ್‌ನದು, ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್ ಯಂತ್ರಾಂಶ ಅದರಲ್ಲಿಲ್ಲ. 2025ರ ಮೇ ತಿಂಗಳಲ್ಲಿ ಬಂದ ‘ಡೂಮ್: ದಿ ಡಾರ್ಕ್ ಏಜಸ್’ ಆಟಕ್ಕೆ ಆ ಯಂತ್ರಾಂಶ ಕಡ್ಡಾಯ. ಅಂದರೆ ಕೆಲವು ಹೊಸ ಆಟಗಳು ಈ ಕಾರ್ಡಿನಲ್ಲಿ ಕುಂಟುತ್ತಲೂ ನಡೆಯವು. 1080ಪಿಗೆ ಕನಿಷ್ಠ 8 ಜಿಬಿಯ ಕಾರ್ಡ್ ಎಂಬುದು ಈಗಿನ ಲೆಕ್ಕ. 2021ರಲ್ಲಿ ಬಂದ ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3060ರಂಥ ಕಾರ್ಡುಗಳು ಬಜೆಟ್ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣುವುದು ಇದಕ್ಕೆ. ಎಎಂಡಿ 2025ರ ಅಕ್ಟೋಬರಿನಲ್ಲಿ ಆರ್‌ಎಕ್ಸ್ 5000 ಮತ್ತು 6000 ಸರಣಿಯ ಕಾರ್ಡುಗಳ ಡ್ರೈವರನ್ನು ಪ್ರತ್ಯೇಕ ಕವಲಿಗೆ ಸರಿಸಿದಾಗ ಬಳಕೆದಾರರು ಗದ್ದಲ ಎಬ್ಬಿಸಿದರು. ಹೊಸ ಆಟಗಳ ಬೆಂಬಲ ಮುಂದುವರಿಯುತ್ತದೆ ಎಂದು ಕಂಪನಿ ಆಮೇಲೆ ಸ್ಪಷ್ಟನೆ ಕೊಟ್ಟಿತು.

ಹಳೆಯ ಬೋರ್ಡಿಗೆ ಹೊಸ ಕಾರ್ಡ್ ಹಾಕುವಾಗ ಕಣ್ಣಿಗೆ ಬೀಳದ ಒಂದು ಕೊಂಡಿಯಿದೆ. ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಹದಿನಾರು ಪಥಗಳ ರಸ್ತೆಯಂತೆ. ಅಗ್ಗದ ಕಾರ್ಡುಗಳು ಅದರಲ್ಲಿ ಎಂಟೇ ಪಥ ಬಳಸುತ್ತವೆ, ಕೆಲವು ನಾಲ್ಕೇ. ಹೊಸ ಬೋರ್ಡುಗಳಲ್ಲಿ ಒಂದೊಂದು ಪಥವೂ ವೇಗದ್ದಾದ್ದರಿಂದ ಅದು ಸಾಲುತ್ತದೆ. ಬಿ450ಯಲ್ಲಿ ಪಥದ ವೇಗ ಅದರ ಅರ್ಧ. ಎಂಟು ಪಥದ 6600ಕ್ಕೆ ಇದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ನಾಲ್ಕು ಪಥ, 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಮಾತ್ರ ಹಳೆಯ ಬೋರ್ಡಿನಲ್ಲಿ ಸೊರಗುತ್ತದೆ. ಇಂಟೆಲ್‌ನ ಆರ್ಕ್ ಬಿ580 12 ಜಿಬಿಯೊಂದಿಗೆ ಆಸೆ ಹುಟ್ಟಿಸುತ್ತದೆ, ಆದರೆ ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಮ್ಮೆಲೇ ಮುಟ್ಟಲು ಬಿಡುವ ರಿಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದ ಯಂತ್ರದಲ್ಲಿ ಅದು ಸೋಲುತ್ತದೆ, ಹಳೆಯ ಪ್ರೊಸೆಸರಿನ ಜತೆಗೂ ಅದಕ್ಕೆ ಅಷ್ಟು ಹೊಂದಿಕೆಯಿಲ್ಲ.

ಎಲ್ಲರೂ ಮರೆಯುವುದು ಎಸ್‌ಎಂಪಿಎಸ್. 1050 ಟಿಐ ತಿನ್ನುವುದು 75 ವಾಟ್, ಅದೂ ಬೋರ್ಡಿನ ಸ್ಲಾಟಿನಿಂದಲೇ. 6600ಕ್ಕೆ 132 ವಾಟ್ ಬೇಕು, ಎಂಟು ಪಿನ್ನಿನ ಪ್ರತ್ಯೇಕ ತಂತಿ ಬೇಕು. ಎಎಂಡಿ ಇದಕ್ಕೆ ಕನಿಷ್ಠ 450 ವಾಟಿನ ಎಸ್‌ಎಂಪಿಎಸ್ ಸೂಚಿಸುತ್ತದೆ. ಡಬ್ಬಿಯ ಜತೆ ಪುಕ್ಕಟೆಯಾಗಿ ಬಂದ ಎಸ್‌ಎಂಪಿಎಸ್ ಮೇಲೆ 450 ಎಂದು ಬರೆದಿದ್ದರೂ ನಂಬುವಂತಿಲ್ಲ. ಅದರ ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಮುಂದೆ ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. ಕಾರ್ಡಿಗೂ ಪ್ರೊಸೆಸರಿಗೂ ಸಿಗುವ ನಿಜವಾದ ವಾಟ್ ಅದು. ಚೀಟಿಯಲ್ಲಿ 18 ಆಂಪಿಯರ್ ಇದ್ದರೆ ಸಿಗುವುದು 216 ವಾಟ್, ಹೊರಗೆ ಏನೇ ಬರೆದಿರಲಿ. ಹೆಸರುವಾಸಿ ತಯಾರಕರ, 80 ಪ್ಲಸ್ ಎಂಬ ದಕ್ಷತೆಯ ಗುರುತಿರುವ ಒಂದು ಎಸ್‌ಎಂಪಿಎಸ್‌ಗೆ ಬಜೆಟ್ಟಿನಲ್ಲಿ ಮೊದಲೇ ಜಾಗ ತೆಗೆದಿಡಿ. ನಮ್ಮಲ್ಲಿ ಯುಪಿಎಸ್ ಲೆಕ್ಕವೂ ಸೇರುತ್ತದೆ: ಮನೆಗಳಲ್ಲಿ ಕಾಣುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವಾಟ್ ಮಾತ್ರ, ಮಾನಿಟರ್ ಸೇರಿ. ಡಬ್ಬಿ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಮನೆಯ ಅರ್ಥಿಂಗ್ ಸರಿಯಿಲ್ಲ. ಹೊಸ ಕಾರ್ಡಿಗಿಂತ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಕಾರ್ಡ್ ಬಂದ ಮೇಲೆ ಮತ್ತೆ 720ಪಿ ಪರೀಕ್ಷೆ ಮಾಡಿದರೆ ಈ ಸಲ ತಡ 2600ರದ್ದೆಂದು ಗೊತ್ತಾಗುವ ಸಾಧ್ಯತೆ ಹೆಚ್ಚು. ಅಣ್ಣನ ಅದೃಷ್ಟ ಇಲ್ಲಿದೆ. ಎಎಂ4 ಸಾಕೆಟ್ಟನ್ನು, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ ಮಾದರಿಯನ್ನು, ಎಎಂಡಿ ವರ್ಷಗಟ್ಟಲೆ ಬಿಡದೆ ಉಳಿಸಿಕೊಂಡಿತು. 2018ರ ಬಿ450 ಬೋರ್ಡಿನಲ್ಲಿ 2022ರ ರೈಜನ್ 5 5600 ಕೂರುತ್ತದೆ, ಬಯಾಸ್ ಪರಿಷ್ಕರಿಸಿದರೆ ಸಾಕು. ಕೋರ್‌ಗಳು ಆರೇ, 65 ವಾಟಿನ ವರ್ಗವೂ ಅದೇ, ಆದರೆ ಪ್ರತಿ ಕೋರ್ ಬಹಳ ಚುರುಕು, ಒಳಗಿನ ಕ್ಯಾಶ್ ಮೆಮೊರಿ 16ರ ಬದಲು 32 ಎಂಬಿ. ಪಕ್ಕದಲ್ಲೇ ರೈಜನ್ 5 5500 ಅಗ್ಗಕ್ಕೆ ಸಿಗುತ್ತದೆ. ಹೆಸರು ಹತ್ತಿರವಿದ್ದರೂ ಅದರ ಕ್ಯಾಶ್ 16 ಎಂಬಿಯೇ. ಹೊಸ ಬಯಾಸನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಹಾಕಬೇಕು. ಹೊಸದನ್ನು ಕೂರಿಸಿದ ಮೇಲೆ ಹಾಕುತ್ತೇನೆಂದರೆ ಪರದೆಯೇ ಬಾರದು. ಪರಿಷ್ಕರಣೆಯ ನಡುವೆ ಕರೆಂಟ್ ಹೋದರೆ ಬೋರ್ಡ್ ಕಲ್ಲಾಗಬಹುದು, ಆದ್ದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಇವನ್ನೆಲ್ಲ ಒಂದೇ ತಿಂಗಳಲ್ಲಿ ಮಾಡಬೇಕಿಲ್ಲ ಎಂಬುದೇ ಇಂಥ ಯಂತ್ರದ ಸುಖ. ಒಂದೊಂದು ಭಾಗವೂ ಬೇರೆಯದನ್ನು ಎಳೆದು ತಾರದೆ ತನ್ನಷ್ಟಕ್ಕೆ ಬರುತ್ತದೆ; ಕಾರ್ಡ್ ಮತ್ತು ಎಸ್‌ಎಂಪಿಎಸ್ ಮಾತ್ರ ಜೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಹೊಸ ಭಾಗಗಳ ಮೇಲೆ ಶೇ. 18 ಜಿಎಸ್‌ಟಿ ಇರುವುದರಿಂದ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ, ಆನ್‌ಲೈನ್ ಜಾಹೀರಾತುಗಳಲ್ಲಿ ಬಳಸಿದ ಕಾರ್ಡುಗಳತ್ತ ಕಣ್ಣು ಹೋಗುವುದು ಸಹಜ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ, ಅಂದರೆ ಲೆಕ್ಕ ಬಿಡಿಸಿ ನಾಣ್ಯ ಗಳಿಸುವುದಕ್ಕೆ, ಗ್ರಾಫಿಕ್ಸ್ ಕಾರ್ಡ್ ಬೇಡವಾದಾಗ ಅಪಾರ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಗಣಿಗಾರಿಕೆಯಲ್ಲಿ ದುಡಿದ ಕಾರ್ಡೆಲ್ಲ ಕೆಟ್ಟದ್ದಲ್ಲ, ಆದರೆ ಹಗಲಿರುಳು ತಿರುಗಿದ ಅದರ ಫ್ಯಾನ್ ಮತ್ತು ಕಾದ ಮೆಮೊರಿಯನ್ನು ಪರೀಕ್ಷಿಸದೆ ಕೊಳ್ಳಬಾರದು.

ಮಾರುವವರ ಯಂತ್ರದಲ್ಲಿಯೇ ಹದಿನೈದು ಇಪ್ಪತ್ತು ನಿಮಿಷ ಭಾರದ ಆಟ ಓಡಿಸಿ ನೋಡಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಮೂಡಿದರೆ ಮೆಮೊರಿ ಕೆಟ್ಟಿದೆ. ಜಿಪಿಯು-ಜಡ್ ಎಂಬ ಉಚಿತ ತಂತ್ರಾಂಶ ಕಾರ್ಡಿನ ನಿಜರೂಪ ತೋರಿಸುತ್ತದೆ. ಹಳೆಯ ಕಾರ್ಡಿಗೆ ಹೊಸ ಹೆಸರು ತುಂಬಿ ಮಾರುವ ಮೋಸವನ್ನು ಎಷ್ಟೋ ಸಲ ಅದೇ ಹಿಡಿದುಕೊಡುತ್ತದೆ. ಆರ್‌ಎಕ್ಸ್ 580 ಎಂಬ ಹೆಸರಿನಲ್ಲಿ 2048ಎಸ್‌ಪಿ ಎಂಬ ಕಡಿಮೆ ಶಕ್ತಿಯ ಬಗೆಯೂ ಇದೆ, ಮೂಲ 580ರಲ್ಲಿರುವುದು 2304 ಘಟಕಗಳು. ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರವನ್ನಷ್ಟೇ ನೋಡಿದವನು ನಾನೂ ಒಮ್ಮೆ ಹೀಗೆ ಏಮಾರಿದ್ದೇನೆ. ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿ ಬಳಕೆಯಿಂದ ಸವೆಯುವಂಥವು, ಅವನ್ನು ಹೊಸದಾಗಿಯೇ ಕೊಳ್ಳುವುದು ಕ್ಷೇಮ.

ವಿಂಡೋಸ್ 11 ಮತ್ತು ತಮ್ಮನ ಯಂತ್ರ

ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್ ಎಂಟನೆಯ ಪೀಳಿಗೆ ಮತ್ತು ರೈಜನ್ 2000 ಸರಣಿಯಿಂದ ಈಚಿನ ಪ್ರೊಸೆಸರುಗಳನ್ನು. ಜತೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಅಣ್ಣನ 2600 ಈ ಗೆರೆಯೊಳಗಿದೆ. ಆದರೂ ‘ನಿಮ್ಮ ಕಂಪ್ಯೂಟರ್ ಅರ್ಹವಲ್ಲ’ ಎಂಬ ಸಂದೇಶ ಬಂದರೆ ಗಾಬರಿ ಬೇಡ, ಬಯಾಸಿನಲ್ಲಿ ಎಫ್‌ಟಿಪಿಎಂ ಎಂಬ ಆಯ್ಕೆ ಆಫ್ ಆಗಿರುತ್ತದೆ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡುವವರಿಗೆ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶವನ್ನಷ್ಟೇ ಏಳಲು ಬಿಡುವ ಆಯ್ಕೆ) ಎರಡೂ ಆನ್ ಇರಲೇಬೇಕು.

ತಮ್ಮನ ಐ5-7400 ಏಳನೆಯ ಪೀಳಿಗೆಯದು, ಒಂದೇ ಒಂದು ಹೆಜ್ಜೆಯಲ್ಲಿ ಗೆರೆಯ ಆಚೆ ಉಳಿಯಿತು. ನಾಲ್ಕು ಕೋರ್, ನಾಲ್ಕೇ ಥ್ರೆಡ್. ಎಂಟನೆಯ ಪೀಳಿಗೆಯ ಪ್ರೊಸೆಸರ್ ನೋಡಲು ಅದೇ ಗಾತ್ರ, ಸಾಕೆಟ್ಟಿನ ಹೆಸರೂ ಎಲ್‌ಜಿಎ 1151 ಎಂದೇ, ಆದರೆ ಎಚ್110 ಬೋರ್ಡಿನಲ್ಲಿ ಅದು ಓಡುವುದಿಲ್ಲ; ಇಂಟೆಲ್ ಅದಕ್ಕೆ 300 ಸರಣಿಯ ಬೋರ್ಡ್ ಬೇಕೆಂದಿತು. ಈ ಬೋರ್ಡಿನ ತುತ್ತತುದಿ ಐ7-7700 ಬಗೆಯದು, ಎಂಟು ಥ್ರೆಡ್‌ನದು. ಅದೂ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಬಳಸಿದ್ದನ್ನು ಮಾರುವವರು ಮಾತ್ರ ಬೆಲೆ ಇಳಿಸುವುದಿಲ್ಲ. ಇಲ್ಲಿ ಪ್ರೊಸೆಸರ್ ಬದಲಿಸುವುದೆಂದರೆ ಬೋರ್ಡ್ ಬದಲಿಸುವುದು. ಡಿಡಿಆರ್5 ಬೋರ್ಡ್ ತಂದರೆ ರ‍್ಯಾಮ್ ಕೂಡ ಹೊಸದು. ರ‍್ಯಾಮ್ ದುಬಾರಿಯಾದ ಕಾಲದಲ್ಲಿ ಅದು ಹೊಸ ಕಂಪ್ಯೂಟರೇ.

ಹಾಗೆಂದು ತಮ್ಮನ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಮುಂದಿನ ಯಂತ್ರಕ್ಕೆ ಒಯ್ಯಬಹುದಾದ ಭಾಗಗಳಿಗೆ ಮಾತ್ರ ದುಡ್ಡು ಹಾಕಬೇಕು. ಸಾಟಾ ಎಸ್‌ಎಸ್‌ಡಿ, ಒಳ್ಳೆಯ ಎಸ್‌ಎಂಪಿಎಸ್ ಎರಡನ್ನೂ ನಾಳೆ ಬಿಚ್ಚಿ ಹೊಸ ಡಬ್ಬಿಗೆ ಹಾಕಬಹುದು. ಮುಂದೆ ಬಳಸಿದ ಬಿ450 ಬೋರ್ಡ್ ಮತ್ತು ರೈಜನ್ ಜೋಡಿ ಸಿಕ್ಕರೆ ಅವನ ಡಿಡಿಆರ್4 ಕಡ್ಡಿಯೂ ವ್ಯರ್ಥವಾಗುವುದಿಲ್ಲ. ವಿಂಡೋಸ್ 10ರ ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಪರಿಷ್ಕರಣೆಯನ್ನು ಘೋಷಿಸಿತ್ತು. ಅದರಾಚೆಗೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಇದೆ. ಆಟ ಮಾರುವ ಸ್ಟೀಮ್ ತಾಣದ ಪ್ರೋಟಾನ್ ಎಂಬ ತಂತ್ರಾಂಶದ ಮೂಲಕ ಬಹಳಷ್ಟು ವಿಂಡೋಸ್ ಆಟಗಳು ಅಲ್ಲಿ ಓಡುತ್ತವೆ, ವ್ಯಾಲೊರಂಟ್‌ನಂಥವು ಓಡುವುದಿಲ್ಲ.

ಅಣ್ಣನ ಹಳೆಯ 1050 ಟಿಐ ಈಗ ಖಾಲಿ ಕೂತಿದೆಯಲ್ಲ, ತಮ್ಮನ ಯಂತ್ರದಲ್ಲಿ ಕಾರ್ಡೇ ಇಲ್ಲದಿದ್ದರೆ ಅದನ್ನು ಅಲ್ಲಿಗೆ ಹಾಕಬಹುದು. ಬೇಡವೆಂದರೆ ಮಾರುವುದೂ ಕಷ್ಟವಲ್ಲ. ಕಚೇರಿಗಳು ಹೊರಹಾಕುವ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಬೇರೆ ತಂತಿಯೇ ಇರುವುದಿಲ್ಲ. ತಂತಿ ಬೇಡದ ಕಾರ್ಡನ್ನು ಹುಡುಕಿಕೊಂಡು ಅವನ್ನು ಕೊಂಡವರು ಬರುತ್ತಾರೆ.